ಲಂಡನ್ನಿನ ವಿಕ್ಟೋರಿಯಾ ಮಾರ್ಗ: ನೆಲದಡಿಯ ಗಾಳಿ, ಏರಿಳಿತ, ಕಾವು

ಲಂಡನ್ನಿನ ಸುರಂಗ ರೈಲು ಪೂರ್ತಿಯಾಗಿ ನೆಲದಡಿಯಲ್ಲಿಯೇ ಓಡುತ್ತದೆ ಎಂದು ವಿಜಯಪುರದ ನಮ್ಮ ಬಂಧುಗಳಲ್ಲಿ ಹಲವರು ತಿಳಿದಿದ್ದಾರೆ. ವಾಸ್ತವದಲ್ಲಿ ಆ ಜಾಲದ ಅರ್ಧಕ್ಕಿಂತ ಹೆಚ್ಚು ಭಾಗ ಬಯಲಿನಲ್ಲಿದೆ. ನಾನು ಕೆಲಸಕ್ಕೆ ಹೋಗಿಬರುವ ವಿಕ್ಟೋರಿಯಾ ಮಾರ್ಗ ಮಾತ್ರ ಹಾಗಲ್ಲ. ಉತ್ತರದ ವಾಲ್ಥಮ್‌ಸ್ಟೋದಿಂದ ದಕ್ಷಿಣದ ಬ್ರಿಕ್ಸ್ಟನ್‌ವರೆಗೆ ಸುಮಾರು 21 ಕಿಲೋಮೀಟರ್ ದೂರ, 16 ನಿಲ್ದಾಣಗಳಿರುವ ಈ ಮಾರ್ಗದಲ್ಲಿ ಪ್ರಯಾಣಿಕರಿಗೆ ಎಲ್ಲಿಯೂ ಆಕಾಶ ಕಾಣುವುದಿಲ್ಲ; ರೈಲುಗಳು ಬಿಸಿಲು ಕಾಣುವುದು ನಾರ್ಥಂಬರ್ಲೆಂಡ್ ಪಾರ್ಕ್‌ನ ಡಿಪೋಗೆ ಹೋದಾಗ ಮಾತ್ರ.

ಇದನ್ನು ಫೋನಿನಲ್ಲಿ ಹೇಳಿದಾಗ ನಮ್ಮ ಕಾಕಾ ಕೇಳಿದ್ದು ಒಂದೇ ಪ್ರಶ್ನೆ: "ಅಷ್ಟು ಮಂದಿ ಒಳಗ ಹೊಕ್ಕರ ಗಾಳಿ ಎಲ್ಲಿಂದ ಬರ್ತದಪಾ?" ಆದಿಲಶಾಹಿಗಳ ಕಾಲದಲ್ಲಿ ತೊರವಿಯ ಕಡೆಯಿಂದ ಊರಿಗೆ ನೀರು ತಂದ ಸುರಂಗ ಬಾವಿಯನ್ನೂ ಅದರ ಮೇಲೆ ಸಾಲಾಗಿ ಬಿಟ್ಟಿರುವ ಗಾಳಿಕಿಂಡಿಗಳನ್ನೂ ಬಲ್ಲವರಿಗೆ ಸಹಜವಾಗಿ ಹೊಳೆಯುವ ಪ್ರಶ್ನೆಯಿದು. ಇಲ್ಲಿಯೂ ಅಂಥ ಗಾಳಿಬಾವಿಗಳಿವೆ, ಆದರೆ ಅವನ್ನು ಗುರುತಿಸುವುದು ಕಷ್ಟ. ಇಸ್ಲಿಂಗ್ಟನ್ ಭಾಗದ ಗಿಬ್ಸನ್ ಸ್ಕ್ವೇರ್ ಎಂಬ ಹಳೆಯ ವಸತಿ ಚೌಕದಲ್ಲಿ ಎತ್ತರದ ಕಾಂಕ್ರೀಟ್ ಗೋಪುರವೊಂದನ್ನು ಗಾಳಿಗಾಗಿ ನಿಲ್ಲಿಸಬೇಕೆಂದು ಯೋಜಿಸಿದಾಗ ಸುತ್ತಲಿನ ನಿವಾಸಿಗಳು ಬಲವಾಗಿ ವಿರೋಧಿಸಿದರು. ಅದರ ಫಲವಾಗಿ, 1970ರ ಹೊತ್ತಿಗೆ, ವಾಸ್ತುಶಿಲ್ಪಿ ರೇಮಂಡ್ ಎರಿತ್ ಅವರ ವಿನ್ಯಾಸದಂತೆ ಗ್ರೀಕ್–ರೋಮನ್ ಗುಡಿಯನ್ನು ಹೋಲುವ ಇಟ್ಟಿಗೆಯ ಪುಟ್ಟ ಕಟ್ಟಡವೊಂದು ಅಲ್ಲಿ ಎದ್ದಿತು. ಅದರ ಮೇಲಿನ ಗುಮ್ಮಟ ಬರೀ ಜಾಲರಿ. ಸುರಂಗದ ಗಾಳಿ ಹೊರಬೀಳುವುದು ಅದರ ಮೂಲಕ. ಗುಮ್ಮಟ ಕಂಡಲ್ಲಿ ಹತ್ತಿರ ಹೋಗಿ ನೋಡುವುದು ವಿಜಯಪುರದವರ ಚಾಳಿ ಎಂದೇ ಇರಲಿ, ತೋಟಕ್ಕೆ ಬಂದ ಉಳಿದವರಾರೂ ಅದರತ್ತ ತಲೆಯೆತ್ತಿ ನೋಡಿದ್ದನ್ನು ನಾನು ಕಂಡಿಲ್ಲ.

ಎಂಜಿನಿಯರುಗಳ ಜಾಣ್ಮೆ ನನಗೆ ಹೆಚ್ಚಾಗಿ ಕಂಡಿದ್ದು ಹಳಿಗಳ ಏರಿಳಿತದಲ್ಲಿ. ಈ ಮಾರ್ಗದ ಬಹುತೇಕ ನಿಲ್ದಾಣಗಳನ್ನು ಸುರಂಗದ ಮಟ್ಟಕ್ಕಿಂತ ತುಸು ಎತ್ತರದ ದಿಬ್ಬದ ಮೇಲೆ ಕೂರಿಸಲಾಗಿದೆ. ನಿಲ್ದಾಣಕ್ಕೆ ಬರುವ ರೈಲು ಏರನ್ನು ಹತ್ತುತ್ತ ತಾನಾಗಿಯೇ ವೇಗ ಕಳೆದುಕೊಳ್ಳುತ್ತದೆ, ಹೊರಡುವಾಗ ಇಳಿಜಾರು ಅದನ್ನು ಮುಂದಕ್ಕೆ ತಳ್ಳುತ್ತದೆ. ಬ್ರೇಕಿನ ಸವೆತವೂ ವಿದ್ಯುತ್ತಿನ ಖರ್ಚೂ ಎರಡೂ ಕಡಿಮೆಯಾಗುತ್ತವೆ. ತೊರವಿಯ ನೀರನ್ನು ಊರಿಗೆ ತಂದದ್ದೂ ಇಂಥ ಇಳಿಜಾರೇ.

ಹಾಗಿದ್ದರೂ ಕಾವು ಉಳಿದೇ ಉಳಿದಿದೆ. ಲಂಡನ್ನಿನ ನೆಲದಡಿಯಿರುವ ಜೇಡಿಮಣ್ಣು ಮೊದಲ ಸುರಂಗಗಳ ಕಾಲದಲ್ಲಿ ತಂಪಾಗಿಯೇ ಇತ್ತು. ಬ್ರೇಕು, ಮೋಟಾರು ಮತ್ತು ಜನರ ಮೈಬಿಸಿಯನ್ನು ದಶಕಗಳ ಕಾಲ ಹೀರಿ ಹೀರಿ ಈಗ ಅದೇ ಬೆಚ್ಚಗಾಗಿದೆ. ಆಳದ ಸುರಂಗಕ್ಕೆ ಹವಾನಿಯಂತ್ರಣ ಅಳವಡಿಸಿದರೆ ಬೋಗಿಯಿಂದ ಹೊರಹಾಕಿದ ಬಿಸಿಗಾಳಿಗೆ ಹೋಗಲು ಜಾಗವಿರುವುದಿಲ್ಲ. ಆದ್ದರಿಂದ ಗ್ರೀನ್ ಪಾರ್ಕ್ ನಿಲ್ದಾಣವನ್ನು ತಂಪಾಗಿಸಲು ಕೊಳವೆಬಾವಿಗಳ ಮೂಲಕ ಅಂತರ್ಜಲವನ್ನು ಬಳಸಿಕೊಂಡಿದ್ದಾರೆ. ಕೊಳವೆಬಾವಿ ಕೊರೆಸಿ ಕೈಸುಟ್ಟುಕೊಂಡ ನಮ್ಮ ಕಡೆಯ ರೈತರಿಗೆ ಇದನ್ನು ಹೇಳಲು ನನಗೆ ಸ್ವಲ್ಪ ಸಂಕೋಚವೇ ಆಗುತ್ತದೆ.

1968ರಲ್ಲಿ ಮೊದಲ ಹಂತ ತೆರೆದಾಗಲೇ ಇಲ್ಲಿನ ರೈಲುಗಳು ಸ್ವಯಂಚಾಲಿತವಾಗಿದ್ದವು. ಚಾಲಕರು ಬಾಗಿಲು ಮುಚ್ಚಿ ಎರಡು ಗುಂಡಿಗಳನ್ನು ಒತ್ತಿದರೆ, ಮುಂದಿನ ನಿಲ್ದಾಣದಲ್ಲಿ ನಿಲ್ಲುವವರೆಗಿನ ವೇಗವನ್ನು ಹಳಿಗಳಿಂದ ಬರುವ ಸಂಕೇತಗಳೇ ನಿರ್ಧರಿಸುತ್ತಿದ್ದವು. ಆ ಸಾಧನಗಳನ್ನು ಈಗ ಬದಲಿಸಲಾಗಿದ್ದು, 2017ರಿಂದ ದಟ್ಟಣೆಯ ಹೊತ್ತಿನಲ್ಲಿ ಗಂಟೆಗೆ 36 ರೈಲುಗಳು, ಅಂದರೆ 100 ಸೆಕೆಂಡಿಗೊಂದು, ಓಡುತ್ತಿವೆ.

ಇನ್ನೊಂದು ವಿಚಿತ್ರವನ್ನು ಇಲ್ಲಿ ಹತ್ತಾರು ವರ್ಷ ಓಡಾಡಿದವರೂ ಗಮನಿಸಿರುವುದಿಲ್ಲ. ಬ್ರಿಟನ್ನಿನಲ್ಲಿ ರಸ್ತೆಯಂತೆ ರೈಲೂ ಎಡಬದಿಯಲ್ಲಿ ಸಾಗುತ್ತದೆ. ಆದರೆ ವಾರನ್ ಸ್ಟ್ರೀಟ್ ಮತ್ತು ಕಿಂಗ್ಸ್ ಕ್ರಾಸ್ ನಡುವೆ ಈ ಮಾರ್ಗದ ಎರಡು ಸುರಂಗಗಳು ಒಂದನ್ನೊಂದು ದಾಟಿ ಅದಲುಬದಲಾಗುತ್ತವೆ, ಅಷ್ಟು ದೂರ ರೈಲುಗಳು ಬಲಬದಿಯಲ್ಲಿ ಓಡುತ್ತವೆ. ಯೂಸ್ಟನ್‌ನಲ್ಲಿ ನಾರ್ದರ್ನ್ ಮಾರ್ಗದ ರೈಲಿಗೆ ಹೋಗುವವರು ಮೆಟ್ಟಿಲು ಹತ್ತಿ ಇಳಿಯದೆ, ಪ್ಲಾಟ್‌ಫಾರ್ಮಿನ ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ನಡೆದುಹೋಗಲೆಂದು ಹೀಗೆ ಮಾಡಿದ್ದಾರೆ. ಊರಿನಿಂದ ಓದಲೆಂದು ಬರುವ ಹುಡುಗರು ಭಾರವಾದ ಸೂಟ್‌ಕೇಸ್‌ಗಳೊಂದಿಗೆ ಇಳಿದಾಗ, ಮಾರ್ಗ ಬದಲಿಸುವುದಿದ್ದರೆ ಯೂಸ್ಟನ್, ಆಕ್ಸ್‌ಫರ್ಡ್ ಸರ್ಕಸ್, ಫಿನ್ಸ್‌ಬರಿ ಪಾರ್ಕ್ ಅಥವಾ ಸ್ಟಾಕ್‌ವೆಲ್‌ನಲ್ಲಿ ಬದಲಿಸಲು ಸಾಧ್ಯವೇ ಎಂದು ಮೊದಲು ನಕ್ಷೆಯಲ್ಲಿ ನೋಡಿಕೊಳ್ಳಿರಿ ಎಂದು ನಾನು ಹೇಳುವುದು ಇದೇ ಕಾರಣಕ್ಕೆ.