ಹಿತ್ತಾಳೆ ಪಟ್ಟಿ ಎದ್ದು ಬಂದ ದಿನ

ತಂಗಿಗೆ ಅಂತ ಮಾಡ್ತಿದ್ದ ಮರದ ಪೆಟ್ಟಿಗೆ ಮುಗಿಯೋಕೆ ಬಂದಿತ್ತು, ಮುಚ್ಚಳ ಮಾತ್ರ ಬೋಳು ಬೋಳಾಗಿ ಕಾಣ್ತಿತ್ತು. ಅದಕ್ಕೆ ಉದ್ದಕ್ಕೂ ಒಂದು ಹಿತ್ತಾಳೆ ಗೆರೆ ಕೂರಿಸೋಣ ಅಂದ್ಕೊಂಡೆ. 3 ಮಿಮೀ ಅಗಲ, 1.5 ಮಿಮೀ ದಪ್ಪದ ಪಟ್ಟಿ ಇತ್ತು, ಒಂದು ಗೆರೆ ತಾನೆ, ಮಧ್ಯಾಹ್ನದೊಳಗೆ ಆಗೋಗುತ್ತೆ ಅಂತ ನನ್ನ ಲೆಕ್ಕ.

ಮೊದಲರ್ಧ ಚೆನ್ನಾಗೇ ನಡೀತು. ಸ್ಕೇಲ್ ಇಟ್ಟು ಎರಡೂ ಕಡೆ ಚಾಕುವಿನಲ್ಲಿ ಗೀರು ಹಾಕಿ, ಮರ ಕೊರೆಯೋ ರೌಟರ್ ಮಷೀನಿಗೆ 3 ಮಿಮೀ ಬಿಟ್ ಹಾಕಿ 1.2 ಮಿಮೀ ಆಳಕ್ಕೆ ಗ್ರೂವ್ (ಪಟ್ಟಿ ಕೂರೋ ಸಣ್ಣ ಕಾಲುವೆ) ತೆಗೆದೆ, ಪಟ್ಟಿ ಕೂದಲೆಳೆಯಷ್ಟು ಮೇಲೇ ಉಳೀಬೇಕು, ಆಮೇಲೆ ಉಜ್ಜಿ ಸಮ ಮಾಡ್ಬಹುದು, ಒಳಗೆ ಇಳಿದುಬಿಟ್ರೆ ಇಡೀ ಮುಚ್ಚಳಾನೇ ಉಜ್ಜಬೇಕಾಗುತ್ತೆ. ಬಿಟ್ ತಿರುಗೋದ್ರಿಂದ ಗ್ರೂವ್ ತುದಿ ದುಂಡಗಾಗಿರುತ್ತೆ, ಅದನ್ನ ಸಣ್ಣ ಉಳಿಯಲ್ಲಿ ಚೌಕ ಮಾಡಿದೆ. ಪಟ್ಟಿ ಸ್ವಲ್ಪ ಉದ್ದಾನೇ ಕತ್ತರಿಸಿ, ಅರದಲ್ಲಿ ತುದಿ ಉಜ್ಜೋದು, ಇಟ್ಟು ನೋಡೋದು, ಮತ್ತೆ ಉಜ್ಜೋದು. ಏಳೆಂಟು ಸಲ ಆದ್ಮೇಲೆ 'ಟಕ್' ಅಂತ ಕೂತ್ಕೊಳ್ತಲ್ಲ, ಆ ಶಬ್ದಕ್ಕೋಸ್ಕರಾನೇ ಈ ಕೆಲಸ ಮಾಡ್ಬಹುದು!

ಮರಕ್ಕೆ ಹಾಕೋ ಬಿಳಿ ಗಮ್ ಇದಕ್ಕೆ ಆಗಲ್ಲ, ಅದು ಒಣಗೋದೇ ನೀರನ್ನ ಮರ ಹೀರ್ಕೊಂಡು, ಲೋಹ ಎಲ್ಲಿ ಹೀರುತ್ತೆ? ಅದಕ್ಕೆ ಎಪಾಕ್ಸಿ, ಎರಡು ಭಾಗ ಕಲಸಿ ಹಾಕೋ ಅಂಟು. ಪಟ್ಟಿಯ ತಳಾನ ಒರಟು ಸ್ಯಾಂಡ್‌ಪೇಪರ್‌ನಲ್ಲಿ ಗೀಚಿದೆ, ಆದ್ರೆ ಅಸಿಟೋನ್ ಹಾಕಿ ಒರೆಸಲಿಲ್ಲ, ಕೈ ಜಿಡ್ಡು ಹಾಗೇ ಉಳೀತು. ಅದು ತಪ್ಪು ನಂಬರ್ ಒಂದು. 5 ನಿಮಿಷದ ಎಪಾಕ್ಸಿ ಅಂದ್ರೆ ಗಟ್ಟಿಯಾಗೋಕೆ ಶುರುವಾಗೋದು 5 ನಿಮಿಷಕ್ಕೆ, ಪೂರ್ತಿ ಬಲ ಬರೋಕೆ ಒಂದು ದಿನ ಬೇಕು, ಇದು ಗೊತ್ತಿದ್ದೂ ಒಂದೇ ಗಂಟೆಗೆ ಸ್ಯಾಂಡರ್ (ಉಜ್ಜೋ ಮಷೀನು) ಆನ್ ಮಾಡ್ದೆ.

ಹಿತ್ತಾಳೆ ಎಷ್ಟು ಬೇಗ ಕಾಯುತ್ತೆ ಅಂದ್ರೆ, ಸಮ ಆಯ್ತಾ ಅಂತ ಬೆರಳಿಟ್ಟು ನೋಡೋಕೆ ಹೋಗಿ ಚುರುಕ್ ಅಂತು, ಕೈ ಎಳ್ಕೊಂಡೆ. ಶಾಖಕ್ಕೆ ಎಪಾಕ್ಸಿ ಮೆತ್ತಗಾಗಿ ಪಟ್ಟಿ ನಡುವೆ ಬಿಲ್ಲಿನ ಥರ ಎದ್ದು ನಿಂತಿದೆ. ಸಾಲದ್ದಕ್ಕೆ ಲೋಹದ ಕಪ್ಪು ಪುಡಿ ತಿಳಿ ಬಣ್ಣದ ಮರದ ರಂಧ್ರಗಳಿಗೆ ಇಳಿದು, ಪಕ್ಕದಲ್ಲೆಲ್ಲ ಮಸಿ ಬಳಿದ ಹಾಗೆ ಆಗಿತ್ತು. ಅವತ್ತು ಇನ್ನೇನೂ ಮುಟ್ಟಲಿಲ್ಲ, ಪೆಟ್ಟಿಗೆ ಮೇಲೆ ಬಟ್ಟೆ ಹಾಕಿ ಎದ್ದು ಬಂದೆ.

ಮಾರನೇ ದಿನ ಸಾಲ್ಡರಿಂಗ್ ಐರನ್ ತಗುಲಿಸಿದ್ರೆ ಪಟ್ಟಿ ತಾನಾಗೇ ಬಿಟ್ಕೊಂಡು ಬಂತು, ಯಾವ ಶಾಖ ಕೆಲಸ ಕೆಡಿಸಿತ್ತೋ ಅದೇ ಉಪಕಾರಕ್ಕೆ ಬಂತು ನೋಡಿ. ಈ ಸಲ ನಿಧಾನದ ಎಪಾಕ್ಸಿ, ಪೂರ್ತಿ 24 ಗಂಟೆ ಕ್ಲ್ಯಾಂಪ್. ಮರಕ್ಕೆ ಮೊದಲೇ ಎರಡು ಕೋಟ್ ಶೆಲ್ಲಾಕ್ (ಅರಗಿನ ವಾರ್ನಿಶ್) ಹೊಡೆದು ರಂಧ್ರ ಮುಚ್ಚಿದೆ, ಸ್ಯಾಂಡರ್ ಮುಟ್ಟಲೇ ಇಲ್ಲ, ಅರಾನ ಪಟ್ಟಿಯ ಉದ್ದಕ್ಕೇ ಓಡಿಸಿ, ಮಧ್ಯೆ ಮಧ್ಯೆ ಬಿಟ್ಟು ತಣ್ಣಗಾಗೋಕೆ ಬಿಟ್ಟೆ.

ಅಂದಹಾಗೆ ಮೊದಲು ಅಡ್ಡಡ್ಡ ಎರಡು ಪಟ್ಟಿ ಹಾಕೋ ಯೋಚನೆ ಇತ್ತು, ಹಾಕದೇ ಇದ್ದಿದ್ದೇ ಒಳ್ಳೇದಾಯ್ತು. ತೇವಕ್ಕೆ ಮರ ಹಿಗ್ಗೋದು ಕುಗ್ಗೋದು ಅದರ ನಾರಿನ ಎಳೆಗೆ ಅಡ್ಡಲಾಗಿ, ಹಿತ್ತಾಳೆ ತೇವಕ್ಕೆಲ್ಲ ಬಗ್ಗಲ್ಲ, ಇವೆರಡರ ಜಗಳದಲ್ಲಿ ಪಟ್ಟಿ ಮತ್ತೆ ಎದ್ದಿರೋದು.

ಈಗ ಉಗುರು ಎಳೆದ್ರೂ ಎಲ್ಲೂ ತಡೆಯಲ್ಲ. ಒಂದು ಮೂಲೇಲಿ ಮಾತ್ರ ಆ ಕಪ್ಪು ಪುಡಿ ಹೋಗಲೇ ಇಲ್ಲ. ತಂಗಿ ಅದು ಮರದ್ದೇ ಬಣ್ಣ ಅಂದ್ಕೊಂಡಿದ್ದಾಳೆ, ನಾನೂ ಬಾಯಿ ಬಿಟ್ಟಿಲ್ಲ.