ಮಾರಾಟದ ಶೀಟಿನಲ್ಲಿ ಬಣ್ಣದ ಕಾಲಮ್ಮೇ ಇರಲಿಲ್ಲ

2015ರ ಅಕ್ಟೋಬರ್. ಐಫೋನ್ 6ಎಸ್ ನಮ್ಮ ದೇಶಕ್ಕೆ ಬಂದ ವಾರ. ಹುಬ್ಬಳ್ಳಿಯ ಒಂದು ಮೊಬೈಲ್ ಶೋರೂಮಿನಲ್ಲಿ ನಾನು ಫ್ಲೋರ್ ನೋಡಿಕೊಳ್ಳುತ್ತಿದ್ದೆ. ಇಂಡೆಂಟ್, ಅಂದರೆ ಯಾವ ಮಾಲು ಎಷ್ಟು ಬೇಕೆಂಬ ಆರ್ಡರ್, ಹಾಕಿದ್ದೂ ನಾನೇ. ಜಾಸ್ತಿ ಸ್ಪೇಸ್ ಗ್ರೇ, ಸ್ವಲ್ಪ ಸಿಲ್ವರ್. ಆ ವರ್ಷ ಹೊಸದಾಗಿ ಬಂದ ರೋಸ್ ಗೋಲ್ಡ್ ಎರಡೇ ಎರಡು. 62,000 ರೂಪಾಯಿ ಕೊಟ್ಟು ಗುಲಾಬಿ ಫೋನ್ ಯಾರು ಒಯ್ತಾರೆ ಅಂದುಕೊಂಡಿದ್ದೆ.

ಎರಡೂ ಮೊದಲ ದಿನವೇ ಬಿಲ್ ಆದವು. ಅದರಲ್ಲಿ ಒಂದನ್ನು ಒಯ್ದವರು ಗಂಡಸರು. ಆಗಲೂ ನನಗೆ ಎಚ್ಚರ ಆಗಲಿಲ್ಲ.

ಮರುದಿನ ಸಂಜೆ ಅಪ್ಪ, ಮಗಳು ಬಂದರು. ಮನೆಯಲ್ಲಿ ನಿಶ್ಚಿತಾರ್ಥವಂತೆ. ನಾನು ಗ್ರೇ ಡೆಮೊ ಪೀಸ್ ಹಿಡಿದು 12 ಮೆಗಾಪಿಕ್ಸೆಲ್, 3ಡಿ ಟಚ್ ಅಂತ ಶುರು ಮಾಡಿದೆ. ಆ ಹುಡುಗಿ ಪರ್ಸಿನಿಂದ ಒಂದು ರೇಷ್ಮೆ ಬ್ಲೌಸ್ ಪೀಸ್ ತೆಗೆದಳು. ರೋಸ್ ಗೋಲ್ಡ್ ಡೆಮೊ ಪೀಸಿನ ಪಕ್ಕ ಇಟ್ಟು ನೋಡಿದಳು. ಮ್ಯಾಚಿಂಗ್ ಸೆಂಟರಿನಲ್ಲಿ ನೋಡ್ತಾರಲ್ಲ, ಥೇಟ್ ಹಾಗೆ.

"ಇದು ಕೊಡ್ರಿ."

"ಸ್ಟಾಕ್ ಇಲ್ರಿ. ಯಾವ ಬಣ್ಣ ಆದ್ರೇನ್ರಿ, ಹೆಂಗೂ ಕವರ್ ಹಾಕ್ತೀರಲ್ಲ?"

ಆಕೆ ಮಾತಾಡಲಿಲ್ಲ. ಬಟ್ಟೆ ಮಡಚಿದಳು. ನಾನು ಡಿಸ್ಟ್ರಿಬ್ಯೂಟರಿಗೆ ಫೋನ್ ಮಾಡುತ್ತಲೇ ಇದ್ದೆ. ಇಪ್ಪತ್ತು ನಿಮಿಷ. ಅವರ ಹತ್ತಿರವೂ ಇಲ್ಲ. ಅವಳಪ್ಪ ಕಾರ್ಡನ್ನು ಸುಮ್ನೆ ಜೇಬಿಗೆ ಹಾಕಿಕೊಂಡು ಎದ್ದರು. ಎದುರಿನ ಅಂಗಡಿಯ ಮೆಟ್ಟಿಲು ಹತ್ತಿದ್ದನ್ನು ಗಾಜಿನಿಂದಲೇ ನೋಡಿದೆ.

ಸ್ಟಾಕ್ ಹೋಗಲಿ, ಆ ಕವರಿನ ಮಾತು ಆಡಬಾರದಿತ್ತು. ನೋಕಿಯಾ 3310 ಕಾಲದಲ್ಲಿ ಜನ ಬಣ್ಣದ ಕವರ್ ಬದಲಿಸಲೆಂದೇ ಬರುತ್ತಿದ್ದರು. ಟ್ರೇನಿಂಗಿನಲ್ಲಿ 2003ರ ಐಪಾಡ್ ಜಾಹೀರಾತನ್ನೂ ತೋರಿಸಿದ್ದರು. ಕುಣಿಯುವ ಕಪ್ಪು ಆಕಾರ, ಕಣ್ಣಿಗೆ ಹೊಡೆಯುವ ಇಯರ್‌ಫೋನಿನ ಬಿಳಿ ವೈರು. ಐಪಾಡ್ ಜೇಬಿನಲ್ಲೇ ಇದ್ದರೂ ಆ ವೈರು ನೋಡಿದರೆ ಸಾಕಿತ್ತು. ಫೋನೂ ಹಾಗೇ ಅಲ್ವಾ? ವಾಚು, ಬಳೆಯ ಹಾಗೆ ಕೈಯಲ್ಲಿ ಕಾಣುವ ವಸ್ತು. ನೋಟ್ಸ್ ಬರೆದುಕೊಂಡವನು ನಾನು. ಇಂಡೆಂಟ್ ಹಾಕುವಾಗ ಅದು ನೆನಪಿಗೇ ಬರಲಿಲ್ಲ.

ಆಫೀಸಿನ ಮೇಲೂ ನನಗೆ ಸಿಟ್ಟಿದೆ. ಗಿರಾಕಿಗೆ ಮಾರಿದ್ದರ ಲೆಕ್ಕ ಇಡುವ ನಮ್ಮ ಸೆಲ್-ಔಟ್ ಶೀಟಿನಲ್ಲಿ ಮಾಡೆಲ್ ಇತ್ತು, ಸ್ಟೋರೇಜ್ ಇತ್ತು, ಬಣ್ಣ ಇರಲಿಲ್ಲ. ಆಮೇಲೆ ಆ ಕಾಲಮ್ಮನ್ನು ನಾನೇ ಕೈಯಲ್ಲಿ ಗೀಚಿಕೊಂಡೆ. ಅಂಗಡಿಯಲ್ಲಿ ಫೋನ್ ತೋರಿಸಿ ಮಾರುವ ಹೊಸ ಪ್ರೊಮೋಟರ್‌ಗಳಿಗೂ ಒಂದು ಮಾತು ಹೇಳುತ್ತೇನೆ. ಗಿರಾಕಿ ಏನು ತೊಟ್ಟಿದ್ದಾರೆ ಅಂತ ಮೊದಲು ನೋಡಿ, ರ್‍ಯಾಮ್ ಆಮೇಲೆ.

ಟ್ಯೂಬ್‌ಲೈಟಿನಲ್ಲಿ ರೋಸ್ ಗೋಲ್ಡ್ ತಾಮ್ರದ ಹಾಗೆ ಕಾಣುತ್ತಿತ್ತು. ಸೀರೆಯ ಹಾಗೆ ಬಾಗಿಲ ಬೆಳಕಿಗೆ ಹಿಡಿದು ನೋಡಬೇಕು. ಕದಿಯದಂತೆ ಡೆಮೊ ಪೀಸಿಗೆ ಕಟ್ಟಿದ ಅಲಾರಂ ವೈರು ಅಲ್ಲಿಯವರೆಗೆ ಬರುವುದಿಲ್ಲ. ಉದ್ದದ್ದು ಕೊಡಿ ಅಂತ ಎರಡು ಸಲ ಮೇಲ್ ಹಾಕಿದ್ದೇನೆ. ಇನ್ನೂ ಕೊಟ್ಟಿಲ್ಲ.