ಜ್ವಾಳದ ರೊಟ್ಟಿ ಉಂಡ್ರೂ ಶುಗರ್ ಬರ್ತದ್ರಿ

ನಮ್ ಕಲಬುರಗಿ ಕಡಿ ಶುಗರ್ ಮಾತ್ ತೆಗದ್ರ ಸಾಕು, ಯಾರರೆ ಒಬ್ರು ಹೇಳೇ ಹೇಳ್ತಾರ, "ನಾವೇನ್ ಮೂರ್ ಹೊತ್ತು ಅನ್ನ ಉಣ್ಣೋ ಮಂದಿ ಏನ್ರಿ, ಜ್ವಾಳದ ರೊಟ್ಟಿ ಉಣ್ಣೋರಿಗಿ ಸಕ್ರಿ ಬ್ಯಾನಿ ಎಲ್ಲಿಂದ್ ಬರ್ತದ" ಅಂತ. ಹಿಂಗ್ ಹೇಳೋ ನಮ್ ಕಾಕಾ ಖುದ್ದ ಮುಂಜಾನಿ ಒಂದು ಸಂಜಿಗೊಂದು ಶುಗರ್ ಗುಳಗಿ ನುಂಗ್ತಾರ, ಅದಿರ್ಲಿ. ನನಗ ಇನ್ನಾ ನಲ್ವತ್ತು ಆಗಿಲ್ಲ, ನೋಡ್ಲಿಕ್ಕಿ ದಪ್ಪನೂ ಇಲ್ಲ, ಆದ್ರೂ ಎಚ್‌ಬಿಎ ಒನ್ ಸಿ (ಎರಡ್ ಮೂರ್ ತಿಂಗಳ ಸರಾಸರಿ ಶುಗರ್ ತೋರಸೋ ರಕ್ತದ ಟೆಸ್ಟ್) 6.1 ಬಂತು, ಡಾಕ್ಟರ್ ಪ್ರಿಡಯಾಬಿಟಿಸ್, ಅಂದ್ರ ಶುಗರ್ ಬರೋಕಿಂತ ಮೊದಲಿನ ಹಂತ ಅಂದ್ರು, ಗುಳಗಿ ಈಗೇ ಬ್ಯಾಡ ಮೊದ್ಲ ಊಟ ಸರಿ ಮಾಡ್ಕೋರಿ ಅಂತ ಒಂದು ಝೆರಾಕ್ಸ್ ಹಾಳಿ ಕೈಯಾಗ ಕೊಟ್ರು. ಆ ಹಾಳ್ಯಾಗ ಓಟ್ಸ್, ಬ್ರೌನ್ ಬ್ರೆಡ್, ಸಲಾಡ್, ಗ್ರಿಲ್ಡ್ ಪನೀರ್. ನಮ್ ಅತ್ತಿ ಅದನ್ನ ನನ್ ಕಡಿಂದ ಓದಸ್ಕೊಂಡು "ಇದ್ರಾಗ ರೊಟ್ಟಿ ಎಲ್ಲ್ಯದ?" ಅಂತ ಕೇಳಿದ್ರು. ಪ್ರಶ್ನಿ ಬರಾಬ್ಬರಿ ಇತ್ತು. ಹಾಳಿ ಫ್ರಿಜ್ ಮ್ಯಾಲ ಬಿದ್ದದ, ನಾವು ಮಾತ್ರ ನಮ್ ಗಂಗಾಳದಾಗ ಇರೋದನ್ನೇ ಹೆಚ್ಚು ಕಮ್ಮಿ ಮಾಡ್ಕೊಂಡು ನಡಸ್ಲತ್ತೀವಿ.

ನಂಬರ್ ಮೊದ್ಲ ಹೇಳಿ ಬಿಡ್ತೀನಿ, ಯಾಕಂದ್ರ ಭಾಳ ಮಂದಿ "ಬಾರ್ಡರ್‌ನ್ಯಾಗ ಅದ" ಅಂದು ಸುಮ್ನಾಗ್ತಾರ. ಖಾಲಿ ಹೊಟ್ಟಿ ಶುಗರ್ 100ರಿಂದ 125, ಇಲ್ಲಾ ಎಚ್‌ಬಿಎ ಒನ್ ಸಿ 5.7ರಿಂದ 6.4, ಇದ್ರಾಗ ಬಂದ್ರ ಪ್ರಿಡಯಾಬಿಟಿಸ್. 126 ಇಲ್ಲಾ 6.5 ಮುಟ್ಟಿತಂದ್ರ ಶುಗರ್‌ರೇ, ಅದಕ್ಕೂ ಒಮ್ಮಿಗಿ ಎರಡ್ ಸಲ ನೋಡಿ ಖಾತ್ರಿ ಮಾಡ್ಕೋತಾರ. ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಐಸಿಎಂಆರ್‌ದವ್ರು ದೇಶ ತುಂಬ ಮಾಡಿದ ಸರ್ವೆ 2023ರಾಗ ಹೊರಗ ಬಂತಲ್ಲ, ಅದ್ರ ಹಿಸಾಬ ಪ್ರಕಾರ ಶುಗರ್ ಇದ್ದೋರು ಸುಮಾರು 10 ಕೋಟಿ ಆದ್ರ ಪ್ರಿಡಯಾಬಿಟಿಸ್ ಇದ್ದೋರು 13 ಕೋಟಿ 60 ಲಕ್ಷ. ಮತಲಬ್ ಸಾಲಿನ್ಯಾಗ ನಿಂತೋರೇ ಹೆಚ್ಚದಾರ.

ಎಚ್‌ಬಿಎ ಒನ್ ಸಿ ಬಗ್ಗಿ ಒಂದ್ ಮಾತು, ಇದು ಖಾಸ ಹೆಣ್ಮಕ್ಕಳಿಗಿ. ಆ ಟೆಸ್ಟ್ ರಕ್ತದ ಕೆಂಪು ಕಣಕ್ಕ ಎಷ್ಟು ಸಕ್ರಿ ಅಂಟ್ಯದ ಅಂತ ನೋಡ್ತದ, ಕಣ ಸುಮಾರು ಮೂರ್ನಾಕ್ ತಿಂಗಳು ಬದುಕ್ತದ, ಅದಕ್ಕ ಎರಡ್ ಮೂರ್ ತಿಂಗಳ ಸರಾಸರಿ ಸಿಗ್ತದ. ಆದ್ರ ಮೈಯಾಗ ಕಬ್ಬಿಣಂಶ ಕಮ್ಮಿ ಆಗಿ ರಕ್ತ ಕಮ್ಮಿ ಇದ್ರ ಈ ನಂಬರ್ ಸುಳ್ಳೇ ಮ್ಯಾಲ ಹೋಗ್ತದ. ನಮ್ ತವರಮನಿ ವೈನಿಗಿ ಹಂಗೇ ಆಯ್ತು, ಎಚ್‌ಬಿಎ ಒನ್ ಸಿ 6 ತೋರಸ್ತು, ಖಾಲಿ ಹೊಟ್ಟಿ ಶುಗರ್ ನೋಡಿದ್ರ 92, ಊಟ ಆದ್ ಮ್ಯಾಲಿಂದೂ ನಾರ್ಮಲ್. ಹಿಮೋಗ್ಲೋಬಿನ್ 9ರ ಕೆಳಗ ಇತ್ತು. ಮೊದ್ಲ ರಕ್ತ ಸರಿ ಮಾಡ್ಕೋರಿ ಆಮ್ಯಾಲ ಮತ್ತ ನೋಡಮ್ ಅಂದ್ರಂತ. ಪಾಪ ಆಕಿ ಅಷ್ಟೊತ್ತಿಗಾಗ್ಲೇ ಹೆದರಿ ಒಂದ್ ಹೊತ್ತಿನ ಊಟಾನೇ ಬಿಟ್ಟಿದ್ಳು, ರಕ್ತ ಇಲ್ಲದಾಕಿ ಊಟಾನೂ ಬಿಟ್ರ ಹ್ಯಾಂಗ್ರಿ.

ಈಗ ರೊಟ್ಟಿಗಿ ಬರಮ್. ಜ್ವಾಳ ಅಕ್ಕಿಗಿಂತ ಚಲೋ ಅನ್ನೋದು ಖರೇ ಅದ. 100 ಗ್ರಾಂ ಜ್ವಾಳದಾಗ ನಾರು 10 ಗ್ರಾಂ ಆಸುಪಾಸು ಇರ್ತದ, ಪಾಲಿಶ್ ಮಾಡಿದ ಅಕ್ಕ್ಯಾಗ 3 ಗ್ರಾಂನೂ ಇರಲ್ಲ. ಆದ್ರ ಅದೇ 100 ಗ್ರಾಂ ಜ್ವಾಳದಾಗ ಪಿಷ್ಟ ಗಿಷ್ಟ ಎಲ್ಲಾ ಕೂಡಿ ಕಾರ್ಬೋಹೈಡ್ರೇಟ್ 67-68 ಗ್ರಾಂ ಅದ, ಇದನ್ನ ಯಾರೂ ಹೇಳಲ್ಲ. ನಾ ಒಂದಿನ ಕಲಸಿದ ಹಿಟ್ಟಿನ ಮುದ್ದಿ ಅಲ್ಲ, ಒಣ ಹಿಟ್ಟೇ ತಕ್ಕಡಿ ಮ್ಯಾಲ ಇಟ್ಟು ನೋಡಿದೆ, ನಾ ಬಡಿಯೋ ಒಂದ್ ರೊಟ್ಟಿಗಿ 60 ಗ್ರಾಂ ಮ್ಯಾಲೇ ಹೋಗ್ತದ. ಅತ್ತಿ ಬೈದ್ರು, "ಮನ್ಯಾಗಿನ ಹಿಟ್ಟು ತೂಗ್ತಾರೇನ ಯವ್ವಾ, ಬರಕತ್ ಹೋಗ್ತದ" ಅಂತ. ಹೋಗ್ಲಿ ಬಿಡ್ರಿ, ಹಿಸಾಬ್ ಅಂತೂ ಸಿಕ್ತು, ಒಂದ್ ರೊಟ್ಟಿ ಅಂದ್ರ 40 ಗ್ರಾಂ ಕಾರ್ಬೋಹೈಡ್ರೇಟ್. ನಾವು ಉಣ್ಣೋದು ಮೂರು, ಮ್ಯಾಲ ಅನ್ನ ಸಾರು, ಮತ್ತ ಅನ್ನ ಮೊಸರು. ನಮ್ ಅಜ್ಜ ಐದ್ ರೊಟ್ಟಿ ಉಣ್ತಿದ್ದ ಅಂತ ಎಲ್ಲಾರೂ ಹೇಳ್ತಾರ, ಅಂವ ಐದ್ ರೊಟ್ಟಿ ಉಂಡು ಬಿಸಲಾಗ ಕುಂಟಿ ಹೊಡಿತಿದ್ದ, ನಾವು ಉಂಡು ಕೂಲರ್ ಮುಂದ ಬೀಳ್ತೀವಿ.

ಅದಕ್ಕ ಈಗ ಮಧ್ಯಾಹ್ನ ನನಗ ಒಂದೂವರೆ ರೊಟ್ಟಿ, ಅನ್ನ ಇಲ್ಲ. ಹೊಟ್ಟಿ ತುಂಬಬೇಕಲ್ಲ ಅಂತ ಕೇಳ್ತೀರಿ, ತುಂಬ್ತದ, ಯಾಕಂದ್ರ ಗಂಗಾಳದಾಗಿನ ಬಾಕಿದ್ದೆಲ್ಲಾ ದೊಡ್ದು ಮಾಡೀನಿ. ಮೊದ್ಲ ಹಸಿದು. ಮೂಲಂಗಿ, ಗಜ್ಜರಿ, ಸೌತಿಕಾಯಿ, ಉಳ್ಳಾಗಡ್ಡಿ, ಹಸಿ ಮೆಂತೆ ತಪ್ಪಲಾ, ಮ್ಯಾಲ ಜರಾ ಶೇಂಗಾ ಹಿಂಡಿ ಮೊಸರು. ಇದು ನಮ್ ಕಡಿ ಎಲ್ಲಾರ ಮನ್ಯಾಗೂ ಮೊದಲಿಂದ ಇದ್ದದ್ದೇ, ಆದ್ರ ರೊಟ್ಟಿ ಜೋಡಿ ಕಚ್ಕೋಳ್ಳಿಕ್ಕಿ ಎರಡ್ ತುಣಕ ಇಡ್ತಿದ್ವಿ, ಈಗ ಅದೇ ಮೊದ್ಲ ಉಣ್ಣೋದು, ಆಮ್ಯಾಲ ಪಲ್ಯ ಬ್ಯಾಳಿ, ಆಮ್ಯಾಲ ರೊಟ್ಟಿ ಮುರಿಯೋದು. ಕಾಯಿಪಲ್ಯ, ಬ್ಯಾಳಿ ಮೊದ್ಲ ಹೊಟ್ಟಿಗಿ ಹೋದ್ರ ಹಿಂದಿಂದ ಬರೋ ರೊಟ್ಟಿ ಸಕ್ರಿ ಒಮ್ಮೇಲೆ ರಕ್ತಕ್ಕ ಇಳ್ಯಂಗಿಲ್ಲ, ಸಾವಕಾಶ ಇಳಿತದ.

ಬ್ಯಾಳಿ ಮಾತ್ ಬಂದದ ಅಂದ್ ಮ್ಯಾಲ ನನ್ ಸಿಟ್ಟೂ ಹೇಳ್ಕೋತೀನಿ. ತೊಗರಿ ಕಣಜ ನಾವು, ಗುಲಬರ್ಗಾ ತೊಗರಿ ಬ್ಯಾಳಿಗಿ 2019ರಾಗ ಜಿಐ ಟ್ಯಾಗೂ (ಇದು ಈ ಊರಿನ ಮಾಲೇ ಅನ್ನೋ ಸರ್ಕಾರಿ ಗುರ್ತು) ಸಿಕ್ಕದ, ದೇಶಕ್ಕೆಲ್ಲಾ ಬ್ಯಾಳಿ ಕಳಸ್ತೀವಿ, ಮನ್ಯಾಗ ನೋಡಿದ್ರ ಬ್ಯಾಳಿ ಅನ್ನೋದು ತಳದಾಗ ಹುಡುಕಿ ತೆಗೀಬೇಕು ಅಷ್ಟು ನೀರು. 100 ಗ್ರಾಂ ತೊಗರಿ ಬ್ಯಾಳ್ಯಾಗ 20 ಗ್ರಾಂ ಮ್ಯಾಲ ಪ್ರೋಟೀನ್ ಅದ, ಅದನ್ನ ಸಾರು ಮಾಡಿ ಅನ್ನಕ್ಕ ಹಚ್ಚಿ ಉಂಡ್ರ ಹೋಗೋದು ಅನ್ನಾನೇ. ಈಗ ನಮ್ ಮನ್ಯಾಗ ಗಟ್ಟಿ ಬ್ಯಾಳಿ, ವಾಟಗ ತುಂಬ, ಚಮಚಾದ್ಲೆ ತಿನ್ನಂಗ. ಪುಂಡಿ ಪಲ್ಯಕ್ಕೂ ಮೊದ್ಲ ಜ್ವಾಳದ ನುಚ್ಚು ಜಾಸ್ತಿ ಹಾಕ್ತಿದ್ವಿ, ಈಗ ನುಚ್ಚು ಕಮ್ಮಿ, ಕಡ್ಲಿಬ್ಯಾಳಿ ಜಾಸ್ತಿ. ರುಚಿ ಕೆಟ್ಟಿಲ್ಲ, ಅತ್ತಿಗೂ ಗೊತ್ತಾಗಿಲ್ಲ.

ಮತ್ತ ಎಳ್ಳಮಾಸಿ ಭಜ್ಜಿ. ಹೊರಗಿನೋರಿಗಿ ಭಜ್ಜಿ ಅಂದ್ರ ಎಣ್ಣ್ಯಾಗ ಕರದದ್ದು ಅನ್ಕೋತಾರ, ಅದಲ್ಲ. ಎಳ್ಳಮಾಸಿ ದಿನ ಹೊಲಕ್ಕ ಚರಗ ಚಲ್ಲಲಿಕ್ಕಿ ಹೋಗುವಾಗ ಮಾಡೋದು, ಹಸಿ ತೊಗರಿಕಾಳು, ಅವರಿಕಾಳು, ಹಸಿ ಕಡ್ಲಿ, ಬಟಾಣಿ, ಬದ್ನಿಕಾಯಿ, ಗಜ್ಜರಿ, ಮೆಂತೆ, ಪಾಲಕ, ಕೈಗಿ ಸಿಕ್ಕ ತಪ್ಪಲ ಎಲ್ಲಾ ಒಂದೇ ಬೋಗಣ್ಯಾಗ ಹಾಕಿ, ಹುಣಸಿ ಹುಳಿ, ಹಸಿ ಖಾರ, ಜರಾ ಕಡ್ಲಿ ಹಿಟ್ಟು, ಕುದಿ ಕುದಿ ಕುದಸೋದು. ಮುಂಜಾನಿ ನಾಕಕ್ಕ ಎದ್ದು ನಮ್ ಅವ್ವ ಇದನ್ನ ಒಲಿ ಮ್ಯಾಲ ಇಟ್ರ ಓಣಿ ತುಂಬ ವಾಸನಿ. ಶುಗರ್ ಬರಬಾರ್ದು ಅನ್ನೋರಿಗಿ ಇದಕ್ಕಿಂತ ಚಲೋ ಅಡಗಿ ಯಾವ ಡಯಟಿಶಿಯನ್ ಬರ್ದು ಕೊಡ್ತಾರ ಹೇಳ್ರಿ, ಕಾಳು, ಕಾಯಿ, ತಪ್ಪಲ ಮೂರೂ ಇದ್ರಾಗೇ ಅವ. ಆದ್ರ ನಾವು ವರ್ಷಕ್ಕ ಒಂದೇ ಸಲ ಮಾಡ್ತೀವಿ, ಅವತ್ತೂ ಅದ್ರ ಜೋಡಿ ಸಜ್ಜಿ ಕಡಬು, ಹೋಳಿಗಿ, ಅನ್ನ ಎಲ್ಲಾ ಹೇರಿ ಉಣ್ತೀವಿ. ಈಗ ನಾ ಹಸಿ ಕಾಳು ಸಿಗೋ ತನಕ ವಾರಕ್ಕೊಮ್ಮಿ ಮಾಡ್ತೀನಿ, ಸಿಗದಾಗ ಒಣ ಕಾಳು ರಾತ್ರಿ ನೆನಿ ಇಟ್ಟು ಮಾಡ್ತೀನಿ. ಕಣ್ಣಿ ಮಾರ್ಕೆಟ್‌ನ್ಯಾಗ ಮುಂಜಾನಿ ಹೋದ್ರ ತಪ್ಪಲ ಸಸ್ತಾ ಸಿಗ್ತದ.

ನಾಷ್ಟಾ ಬದಲ್ ಮಾಡೋದೇ ತ್ರಾಸ್ ಆಯ್ತು. ಚುರುಮುರಿ ಸುಸ್ಲಾ, ಅವಲಕ್ಕಿ, ಉಪ್ಪಿಟ್ಟು, ಇಡ್ಲಿ, ಎಲ್ಲಾ ಪಿಷ್ಟವೇ, ಅದ್ರಾಗೂ ಚುರುಮುರಿ ಹಗುರ ಅಂತ ತಿಳ್ಕೋತೀವಿ ಆದ್ರ ಅದು ಭಡಕ್ಕನೆ ಶುಗರ್ ಏರಸ್ತದ. ಮಡಕಿ ಕಾಳು ಉಸುಳಿ, ಹೆಸರಕಾಳು ಉಸುಳಿ, ಇಲ್ಲಾ ಎರಡ್ ತತ್ತಿ ಅರ್ಧ ರೊಟ್ಟಿ, ಇದ್ರ ಮ್ಯಾಲೇ ನಡದದ. ಮಕ್ಕಳಿಗಿ ಸುಸ್ಲಾ ಮಾಡ್ದಾಗ ನಾನೂ ಒಂದ್ ಮುಟಗಿ ಬಾಯಾಗ ಹಾಕೋತೀನಿ, ಸುಳ್ಳ್ಯಾಕ.

ಉಪಾಸದ್ದೊಂದು ಕೇಳ್ರಿ. ಶ್ರಾವಣ ಸೋಮವಾರ ಉಪಾಸ, ಏನೂ ಉಂಡಿಲ್ಲ ಅಂತ ಎಲ್ಲಾರ ಕಣ್ಣಾಗ, ಸಾಬೂದಾಣಿ ಖಿಚಡಿ ಅಷ್ಟೇ ತಿಂದದ್ದು. ಮನಿಯವ್ರು ಗ್ಲೂಕೋಮೀಟರ್ ತಂದಿದ್ರು, ಖಿಚಡಿ ತಿಂದು ಒಂದೂವರೆ ತಾಸಿಗಿ ಬಟ್ಟು ಚುಚ್ಚಿ ನೋಡಿದ್ರ 190 ದಾಟಿತ್ತು. ಹೋಳಿಗಿ ತಿಂದಾಗೂ ಇಷ್ಟ್ ಬಂದಿಲ್ಲ ನನಗ. ಸಾಬೂದಾಣಿ ಅಂದ್ರ ಬರೇ ಮರಗೆಣಸಿನ ಪಿಷ್ಟ, ನಾರಿಲ್ಲ ಪ್ರೋಟೀನ್ ಇಲ್ಲ, ಅದಕ್ಕ ಆಲೂಗಡ್ಡಿ ಬ್ಯಾರೆ. ಈಗ ಉಪಾಸ ಅಂದ್ರ ಶೇಂಗಾ, ಮೊಸರು, ಒಂದ್ ಪೇರಲ ಹಣ್ಣು. ದೇವ್ರೇನೂ ಸಿಟ್ಟಾಗಿಲ್ಲ, ಅತ್ತಿ ಆಗ್ಯಾರ.

ಖರೇ ಹೇಳ್ಬೇಕಂದ್ರ ಊಟಕ್ಕಿಂತ ಚಾದ್ದೇ ದೊಡ್ಡ ಗುದ್ದಾಟ. ಕಲಬುರಗ್ಯಾಗ ಯಾರ ಮನಿಗಿ ಹೋದ್ರೂ ನೀರಿನ ಹಿಂದೇ ಚಾ ಬರ್ತದ, ಒಂದ್ ಕಪ್ಪಿಗಿ ಎರಡ್ ಚಮಚ ಸಕ್ರಿ ಅಂದ್ರೂ ಸುಮಾರು 10 ಗ್ರಾಂ, ದಿನಕ್ಕ ಐದ್ ಕಪ್ ಆದ್ರ 50 ಗ್ರಾಂ. ಡಬ್ಲ್ಯೂಎಚ್‌ಒ ಹೇಳೋದು ದಿನಕ್ಕ 25 ಗ್ರಾಂ ಒಳಗಿದ್ರ ಚಲೋ ಅಂತ. ಮನ್ಯಾಗ ಬಿಡೋದು ಸುಲಭ, ಎರಡ್ ವಾರ ಬಾಯಿ ಕಹಿ, ಆಮ್ಯಾಲ ಸಕ್ರಿ ಚಾ ಕುಡದ್ರ ಪಾನಕ ಕುಡದಂಗ ಆಗ್ತದ. ಮಂದಿ ಮನ್ಯಾಗ ಹಂಗಲ್ಲ. ಮೊನ್ನಿ ಬ್ರಹ್ಮಪುರದಾಗ ನಮ್ ಮನಿಯವ್ರ ಕಾಕಿ ಮನಿಗಿ ಹೋಗಿದ್ದೆ.

"ಸಕ್ರಿ ಬ್ಯಾಡ್ರೀ ಕಾಕಿ, ಬಿಟ್ಟೀನಿ."

"ಅಯ್ಯ ಯವ್ವಾ, ಇಷ್ಟ್ ಸಣ್ ವಯಸ್ಸಿಗಿ ಬಂತೇನ ನಿನಗ?"

"ಬಂದಿಲ್ರಿ, ಬರಬಾರ್ದು ಅಂತ."

"ಹಂಗಂದ್ರ ಬೆಲ್ಲದ ಚಾ ಮಾಡ್ತೀನಿ ತಡಿ."

ಬೆಲ್ಲದ ಚಾ ಬಂತು, ಸಕ್ರಿ ಚಾಕ್ಕಿಂತ ಸೀ. ಬೆಲ್ಲನೂ ಕಬ್ಬಿಂದೇ, ಶುಗರ್ ಏರಸೋದ್ರಾಗ ಫರಕ್ ಅಂತ ಹೇಳೋವಷ್ಟು ಇಲ್ಲ, ಇದನ್ನ ಕಾಕಿಗಿ ಹ್ಯಾಂಗ್ ಹೇಳೋದು. ಎರಡ್ ಗುಟುಕು ಕುಡದು ಇಟ್ಟೆ. ಈಗ ಯಾರ ಮನಿಗಿ ಹೋದ್ರೂ ಬಾಗಿಲಾಗೇ "ಬಿಸಲು ಭಾಳದ, ಜರಾ ಮಜ್ಜಿಗಿ ಕೊಡ್ರಿ" ಅಂತ ನಾನೇ ಮೊದ್ಲ ಕೇಳಿ ಬಿಡ್ತೀನಿ, ಅವ್ರಿಗೂ ಕೊಟ್ಟಂಗಾಯ್ತು. ಬ್ಯಾಸಗ್ಯಾಗ ಸೂಪರ್ ಮಾರ್ಕೆಟ್ ಕಡಿ ಹೋದಾಗ ಕಬ್ಬಿನ ಹಾಲಿನ ಗಾಡಿ ಮುಂದ ಹಾಯೋದೇ ಕಠಿಣ, ಅದಕ್ಕ ಬ್ಯಾಗಿನ್ಯಾಗ ನೀರಿನ ಬಾಟ್ಲಿ ಇಟ್ಕೊಂಡೇ ಹೋಗ್ತೀನಿ. ಶುಗರ್ ಫ್ರೀ ಬಿಸ್ಕೀಟ್ ತಂದು ಕೊಡೋ ನೆಂಟರಿಗಿ ಕೈ ಮುಗೀತೀನಿ, ಅದ್ರ ಹಿಂದ ಬರ್ದಿದ್ದು ಓದ್ರಿ, ಮೊದಲ್ನೇ ಹೆಸರೇ ಮೈದಾ ಇರ್ತದ.

ನಡಿಯೋದು ಬಿಟ್ರ ಊಟ ಒಂದ್ರಿಂದ ಆಗಂಗಿಲ್ಲ. ಅಪ್ಪನ ಕೆರಿ ಕಡಿ ಮುಂಜಾನಿ ಭಾಳ ಮಂದಿ ಬರ್ತಾರ, ನನಗ ಮಕ್ಕಳ ಸಾಲಿ ಡಬ್ಬಿ ಕಟ್ಟೋ ಹೊತ್ತು ಅದು. ಅದಕ್ಕ ರಾತ್ರಿ ಉಂಡ ಮ್ಯಾಲ ಮಾಳಗಿ ಮ್ಯಾಲ ಹದಿನೈದ್ ನಿಮಿಷ ಈ ಕಡಿಂದ ಆ ಕಡಿ. ಉಂಡ ಕೂಡ್ಲೇ ಕಾಲು ಆಡಿದ್ರ ಸ್ನಾಯು ರಕ್ತದಾಗಿನ ಸಕ್ರಿ ಎಳ್ಕೋತಾವ. ಮೇ ತಿಂಗಳಾಗ 42-43 ಡಿಗ್ರಿ ಇದ್ದಾಗ ಮಾಳಗಿ ರಾತ್ರಿ ಒಂಬತ್ತಕ್ಕೂ ಕಾದಿರ್ತದ, ಚಪ್ಪಲ್ ಹಾಕ್ಕೊಂಡೇ ತಿರಗಬೇಕು.

ಇಷ್ಟೆಲ್ಲಾ ಮಾಡಿದ್ರ ಬರೋದೇ ಇಲ್ಲೇನು ಅಂತ ಕೇಳಬ್ಯಾಡ್ರಿ. ಚೆನ್ನೈನ್ಯಾಗ ಪ್ರಿಡಯಾಬಿಟಿಸ್ ಇದ್ದೋರ ಮ್ಯಾಲ ಒಂದು ದೊಡ್ಡ ಟ್ರಯಲ್ ಮಾಡಿದ್ರು, 2006ರಾಗ ಅದ್ರ ರಿಸಲ್ಟ್ ಬಂತು. ಸುಮಾರು ಮೂರ್ ವರ್ಷದಾಗ ಖಾಸ ಏನೂ ಬದಲ್ ಮಾಡದೋರಾಗ ನೂರಕ್ಕ 55 ಮಂದಿಗಿ ಶುಗರ್ ಬಂತು, ಊಟ ನಡಿಗಿ ಬದಲ್ ಮಾಡಿದೋರಾಗ 39 ಮಂದಿಗಿ. ಗುಳಗಿ ಕೊಟ್ಟೋರಾಗೂ ಹೆಚ್ಚು ಕಮ್ಮಿ ಅಷ್ಟೇ. ಶುಗರ್ ಪೂರಾ ತಪ್ಪಂಗಿಲ್ಲ, ಆದ್ರ ನೂರಕ್ಕ 16 ಮಂದಿ ಉಳದ್ರು ಅಂದ್ರ ಸಣ್ ಮಾತಲ್ಲ, ಅದೂ ನಮ್ಮಂಗ ಅನ್ನ ಸಾರು ಉಣ್ಣೋ ಮಂದಿ ಮ್ಯಾಲ ಮಾಡಿದ್ದು. ನನ್ ಎಚ್‌ಬಿಎ ಒನ್ ಸಿ ಈಗ 5.8 ಅದ, ಇನ್ನಾ ಪ್ರಿಡಯಾಬಿಟಿಸ್ ಗೆರಿ ಒಳಗೇ ಅದೀನಿ. ಒಂದ್ ಎಚ್ಚರಿಕಿ, ಆಗ್ಲೇ ಶುಗರ್ ಗುಳಗಿ ಇಲ್ಲಾ ಇನ್ಸುಲಿನ್ ತಗೊಳ್ಳೋರು ನನ್ನಂಗ ಒಮ್ಮೇಲೆ ರೊಟ್ಟಿ ಅನ್ನ ಕಮ್ಮಿ ಮಾಡಬ್ಯಾಡ್ರಿ, ಶುಗರ್ ಇಳದು ತಲಿ ತಿರಗಿ ಬೀಳ್ತೀರಿ, ಡಾಕ್ಟರ್‌ಗಿ ಕೇಳಿ ಮಾಡ್ರಿ.

ಮೂವತ್ತು ದಾಟಿದೋರಿಗಿ ಸರ್ಕಾರಿ ಆರೋಗ್ಯ ಕೇಂದ್ರದಾಗ ಶುಗರ್ ಬಿಪಿ ಪುಕ್ಕಟೆ ನೋಡ್ತಾರ, ಮನ್ಯಾಗ ಅಪ್ಪಗೋ ಅವ್ವಗೋ ಶುಗರ್ ಇದ್ರಂತೂ ಹೋಗಿ ಬರ್ರಿ. ನಮ್ ಅಪ್ಪಗ ಇತ್ತು, ನಾ ಆಗ್ಲೇ ನೋಡಿಸ್ಕೊಂಡೀನಿ, ತಂಗಿ ನೋಡಿಸ್ಕೊಂಡಾಳ, ಆಳಂದ ಕಡಿ ಊರಾಗಿರೋ ನಮ್ ಅಣ್ಣ ಮಾತ್ರ "ಹೊಲದಾಗ ದುಡಿಯೋನಿಗಿ ಏನ್ ಬರ್ತದ" ಅಂತ ಕೂತಾನ. ಟ್ರ್ಯಾಕ್ಟರ್ ಬಂದ್ ಮ್ಯಾಲ ಅಂವ ಎಷ್ಟ್ ದುಡಿತಾನ ಅಂತ ವೈನಿಗಿ ಕೇಳ್ರಿ. ತೊಗರಿ ರಾಶಿ ಮುಗೀಲಿ ಅಂದಾನ, ರಾಶಿ ಮುಗದ ಮರುದಿನ ಖಾಲಿ ಹೊಟ್ಟಿಲೆ ಬಸ್ ಹತ್ತಸ್ರಿ ಅಂತ ವೈನಿಗಿ ಹೇಳಿಟ್ಟೀನಿ.